ಓದುಗರ ಪ್ರಶ್ನೆ: ಕುಕ್ಕರ್ ಸೀಟಿಗೆ ಶ್ರುತಿ ಯಾವುದು?

ದಾವಣಗೆರೆಯ ಹವ್ಯಾಸಿ ತಂಡವೊಂದು ತರಲೆ ಹಾಡುಗಳ ಆಲ್ಬಂ ಮಾಡಲು ಹೊರಟಿದೆ. ವಾದ್ಯಗಳ ಪಟ್ಟಿಯಲ್ಲಿ ಹಾರ್ಮೋನಿಯಂ, ಕೀಬೋರ್ಡ್, ಡೊಳ್ಳಿನ ಜೊತೆ ಕುಕ್ಕರ್ ಮತ್ತು ಮಂಡಕ್ಕಿಯೂ ಇವೆ. ಅವರು ಕಂತೆಯಾಗಿ ಕಳಿಸಿದ ಪ್ರಶ್ನೆಗಳ ಜೊತೆಗೆ ಹರಿಹರ, ಚಿತ್ರದುರ್ಗದಿಂದ ಬಂದ ಇದೇ ಜಾತಿಯ ಎರಡನ್ನೂ ಸೇರಿಸಿದ್ದೇವೆ.

ಪ್ರಶ್ನೆ: ಅರ್ಥವಿಲ್ಲದ ಹಾಡು ಬರೆದಿದ್ದೀವಿ. ಓದಿದರೆ ನಗು ಬರುತ್ತೆ, ಹಾಡಿದರೆ ಯಾರೂ ನಗಲ್ಲ. ಯಾಕೆ?
– ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನೀವು ಕಳಿಸಿದ ಸಾಲುಗಳಲ್ಲಿ ಮಾತ್ರೆ, ಅಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ, ತಪ್ಪಿದೆ. ಅರ್ಥ ತಲೆಕೆಳಗಾದ ಹಾಡಿಗೆ ಲೆಕ್ಕವಾದರೂ ನೆಟ್ಟಗಿರಬೇಕು. ಎರಡೂ ಸಡಿಲವಾದರೆ ಯಾವುದು ತಮಾಷೆ, ಯಾವುದು ತಪ್ಪು ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ. ಆರು ಸಾಲಿನ ಭಾಮಿನಿ ಷಟ್ಪದಿ ಹಿಡಿದು ನೋಡಿ. ಕುಮಾರವ್ಯಾಸ ಭಾರತದ ಕಥೆ ಹೇಳಿದ ಛಂದಸ್ಸಿನಲ್ಲಿ ನೊಣದ ಕಥೆ ಹೇಳಿದರೆ ಅರ್ಧ ಕೆಲಸ ಅಲ್ಲೇ ಆಯಿತು. 1, 2, 4, 5ನೇ ಸಾಲಿಗೆ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3+4 ಮೂರು ಸಲ, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ನಿಮ್ಮ ಬಸ್ಸಿನ ಹಾಡನ್ನೇ ಈ ಅಳತೆಗೆ ಕೂರಿಸಿದರೆ ಅರ್ಧ ಪದ್ಯ ಹೀಗಾಗುತ್ತದೆ:

ಬೆಣ್ಣೆ ದೋಸೆಯ ಮೇಲೆ ಕುಳಿತಿಹ
ಸಣ್ಣ ನೊಣಕೂ ಟಿಕೆಟು ಕೇಳಿದ
ಕಣ್ಣು ತಿರುಗಿಸಿ ಸೀಟಿ ಊದುತ ಸಿಟಿಯ ಬಸ್ಸಿನವ

ಬೆಣ್ಣೆ ಮೂರು, ದೋಸೆಯ ನಾಲ್ಕು, ಮೇಲೆ ಮೂರು, ಕುಳಿತಿಹ ನಾಲ್ಕು. ಆದಿಪ್ರಾಸಕ್ಕೆ ‘ಣ್ಣ’ ಮೂರು ಸಾಲಲ್ಲೂ ಬಂದಿದೆ. ‘ಟಿಕೆಟನ್ನು ಕೇಳಿದ’ ಎಂದು ವ್ಯಾಕರಣ ಸರಿಮಾಡಲು ಹೋದರೆ ಎರಡು ಮಾತ್ರೆ ಹೆಚ್ಚಾಗಿ ಹಾಡು ಕುಂಟುತ್ತದೆ. ನೀವು ಬರೆದಿದ್ದ ‘ಕಂಡಕ್ಟರ್’ ಮೂರು ಗುರು, ಅಂದರೆ ಆರು ಮಾತ್ರೆ. ಮೂರರ ಜಾಗಕ್ಕೂ ಕೂರುವುದಿಲ್ಲ, ನಾಲ್ಕರ ಜಾಗಕ್ಕೂ ಕೂರುವುದಿಲ್ಲ. ಅದಕ್ಕೇ ‘ಬಸ್ಸಿನವ’ನನ್ನು ತಂದದ್ದು. 3+4 ಎಣಿಕೆಯ ಮಿಶ್ರಛಾಪು ತಾಳ ಇದಕ್ಕೆ ಸಲೀಸಾಗಿ ಹೊಂದುತ್ತದೆ. ಹಾಡುವವರು ಮಾತ್ರ ಕಾವ್ಯ ವಾಚಿಸುವ ಗಮಕಿಗಳ ಗಾಂಭೀರ್ಯ ಬಿಡಬಾರದು. ‘ನೊಣಕೂ’ ಎನ್ನುವಾಗ ದನಿಯಲ್ಲಿ ನಗು ಇಣುಕಿದರೆ ಕೇಳುವವರ ಪಾಲಿನ ನಗುವನ್ನು ನೀವೇ ನಕ್ಕ ಹಾಗೆ.

ಪ್ರಶ್ನೆ: ಕುಕ್ಕರ್ ಸೀಟಿ, ಮಂಡಕ್ಕಿ ಸುರಿಯುವ ಸದ್ದು ರೆಕಾರ್ಡ್ ಮಾಡಿದೆವು. ಸೀಟಿ ಒಡೆದ ಹಾಗೆ ಕೇಳುತ್ತೆ, ಮಂಡಕ್ಕಿ ಕೇಳೋದೇ ಇಲ್ಲ.
– ಅದೇ ತಂಡ

ಉತ್ತರ: ಎರಡಕ್ಕೂ ಒಂದೇ ಗೇನ್ (ಮೈಕ್ ಹಿಡಿದ ಸದ್ದನ್ನು ಹಿಗ್ಗಿಸುವ ಮಟ್ಟ) ಇಟ್ಟಿದ್ದೀರಿ, ಅಷ್ಟೆ. ಸೀಟಿ ಮೀಟರಿನ ಸೊನ್ನೆ ಡಿಬಿ ಮುಟ್ಟಿದ ಕ್ಷಣ ಸದ್ದಿನ ತಲೆ ಕತ್ತರಿಸಿಹೋಗುತ್ತದೆ, ಆಮೇಲೆ ದನಿ ತಗ್ಗಿಸಿದರೂ ಅದು ಕೂಡುವುದಿಲ್ಲ. ಜೋರು ಸೀಟಿಯೂ ಮೈನಸ್ 10 ಡಿಬಿ ದಾಟದಂತೆ ಗೇನ್ ಇಳಿಸಿ. 24 ಬಿಟ್‌ನಲ್ಲಿ ಹಿಡಿದರೆ ಇಷ್ಟು ತಗ್ಗಿದ್ದರೂ ತೊಂದರೆಯಿಲ್ಲ. ಮೈಕ್ 2 ಮೀಟರ್ ದೂರದಲ್ಲಿ, ಪಕ್ಕಕ್ಕೆ ಇರಲಿ. ಆವಿ ನೇರ ಬಡಿದರೆ ಕಂಡೆನ್ಸರ್ ಮೈಕ್ ಹಾಳಾಗುತ್ತದೆ, ಈ ಕೆಲಸಕ್ಕೆ ಡೈನಮಿಕ್ ಮೈಕ್ ಸಾಕು. ಕುಕ್ಕರಿಗೆ ಎರಡು ಲೋಟ ನೀರು ಮಾತ್ರ ಹಾಕಿ. ಅಕ್ಕಿ ಬೇಳೆ ಹಾಕಿದರೆ ನೊರೆ ಬಂದು ಸೀಟಿ ಗೊರಗೊರ ಅನ್ನುತ್ತದೆ. ತಾಳಕ್ಕೆ ಸರಿಯಾಗಿ ಕೂಗಲಿ ಅಂತ ವೆಯ್ಟನ್ನು ಚಮಚದಲ್ಲಿ ಒತ್ತುವುದು, ಎತ್ತುವುದು ಬೇಡವೇ ಬೇಡ. ನಾಲ್ಕೈದು ಸೀಟಿ ಬಿಡಿಬಿಡಿಯಾಗಿ ಹಿಡಿದು ಕಂಪ್ಯೂಟರಿನಲ್ಲಿ ಬೇಕಾದ ಕಡೆ ಜೋಡಿಸಿ. ಫ್ರಿಜ್, ಫ್ಯಾನ್ ಆರಿಸಿರಿ.

ಈಗ ಶ್ರುತಿ. ಮೊಬೈಲಿನ ಟ್ಯೂನರ್ ಆ್ಯಪ್ ಸೀಟಿಯ ಸ್ವರ ತೋರಿಸುತ್ತದೆ. ಸೀಟಿ ಏರಿ, ನಿಂತು, ಇಳಿಯುತ್ತದೆ. ನಡುವೆ ನಿಂತ ಸ್ವರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದು ಹಾರ್ಮೋನಿಯಂನ ಕರಿ ಎರಡಕ್ಕೂ (ಎರಡನೇ ಕರಿ ಕೀ) ಪಕ್ಕದ ಬಿಳಿ ಮೂರಕ್ಕೂ ಸರಿಯಾಗಿ ಮಧ್ಯೆ ಸಿಕ್ಕಿಕೊಂಡಿದ್ದರೆ, ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಆ ತುಣುಕಿನ ವೇಗವನ್ನು ಶೇ 3ರಷ್ಟು ಹೆಚ್ಚಿಸಿದರೆ ಬಿಳಿ ಮೂರಕ್ಕೆ ಬಂದು ಕೂರುತ್ತದೆ. ಒಂದು ಕೀಯಿಂದ ಪಕ್ಕದ ಕೀಗೆ ಹೋಗಲು ಸುಮಾರು ಶೇ 6 ಬೇಕು. ಅದಕ್ಕಿಂತ ಸುಲಭ ಹಾದಿ, ಹಾಡನ್ನೇ ಸೀಟಿಯ ಶ್ರುತಿಗೆ ತರುವುದು.

ಮಂಡಕ್ಕಿಯ ವಿಷಯಕ್ಕೆ ಬಂದರೆ, ಭಟ್ಟಿಯಿಂದ ಅವತ್ತೇ ತಂದ ಖಾಲಿ ಮಂಡಕ್ಕಿ ಆಗಬೇಕು. ಎಣ್ಣೆ ಒಗ್ಗರಣೆ ಬಿದ್ದದ್ದು ಸದ್ದು ಮಾಡುವುದಿಲ್ಲ, ಅದನ್ನು ತಿನ್ನಿ. ಮಳೆಗಾಲದಲ್ಲಿ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಹುರಿದು ಪೂರ್ತಿ ಆರಿಸಿ. ಒಂದಡಿ ಎತ್ತರದಿಂದ ಸ್ಟೀಲ್ ತಟ್ಟೆಗೆ ಸುರಿದರೆ ಮಳೆ ಬಂದ ಹಾಗೆ ಕೇಳುತ್ತದೆ, ಮೊರದಲ್ಲಿ ಕೇರಿದರೆ ತಾಳಕ್ಕೆ ಸಿಗುತ್ತದೆ. ಮೈಕ್ ಒಂದು ಗೇಣು ದೂರದಲ್ಲಿರಲಿ, ಗೇನ್ ಸೀಟಿಗಿಟ್ಟದ್ದಕ್ಕಿಂತ ಸಾಕಷ್ಟು ಮೇಲಿರಲಿ.

ಪ್ರಶ್ನೆ: ಹಾಡಿನ ನಡುವೆ ಜನ ನಗುವ ಸದ್ದು ಸೇರಿಸಬಹುದಾ?
– ಅದೇ ತಂಡ

ಉತ್ತರ: ಬೇಡ.

ಪ್ರಶ್ನೆ: ಹಾರ್ಮೋನಿಯಂಗೂ ಕೀಬೋರ್ಡಿಗೂ ಹೊಂದುತ್ತಿಲ್ಲ. ರೀಡ್ ಉಜ್ಜಿಸಬೇಕಾ?
– ಹರಿಹರ

ಉತ್ತರ: ರೀಡಿಗೆ (ಒಳಗೆ ಸ್ವರ ಹೊರಡಿಸುವ ಲೋಹದ ಪಟ್ಟಿಗೆ) ಕೈ ಹಾಕಬೇಡಿ, ಕೀಬೋರ್ಡನ್ನು ಬಗ್ಗಿಸಿ. ಟ್ಯೂನರ್ ಹಾಕಿ ಹಾರ್ಮೋನಿಯಂನ ಷಡ್ಜ ಎಷ್ಟು ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರರಲ್ಲೊಂದು ಪಾಲು) ಆಚೀಚೆ ಇದೆ ನೋಡಿ. 20 ಸೆಂಟ್ ಮೇಲಿದ್ದರೆ ಕೀಬೋರ್ಡಿನ ಟ್ಯೂನಿಂಗ್ ಸೆಟ್ಟಿಂಗಿನಲ್ಲಿ 440 ಇರುವುದನ್ನು 445 ಮಾಡಿ. ಒಂದೊಂದು ಸ್ವರ ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದರೆ ಮಾತ್ರ ರಿಪೇರಿಯವರ ಹತ್ತಿರ ಹೋಗಿ. ಹಳೆಯ ಹಾಡುಗಳಿಗೆ ಬಳಸಿದ ಸೆಟ್ಟಿಂಗ್ ಯಾವುದು ಎಂದು ಪೆಟ್ಟಿಗೆ ಮೇಲೇ ಬರೆದಿಡಿ, ಮುಂದಿನ ವಾರ ಯಾರಿಗೂ ನೆನಪಿರುವುದಿಲ್ಲ. ಪತ್ರದಲ್ಲಿ ಹೇಳಿದ ಗುಂಯ್ ಸದ್ದು ಬೇರೆ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ನಿಂತರೆ ಅರ್ಥಿಂಗ್ ತೊಂದರೆ.

ಪ್ರಶ್ನೆ: ಸಿನಿಮಾ ಹಾಡಿನ ಕರೋಕೆಗೆ ನಮ್ಮದೇ ತಮಾಷೆ ಸಾಹಿತ್ಯ ಹಾಕಿದ್ದೇವೆ. ಶಿಶುನಾಳ ಶರೀಫರ ಒಂದು ತತ್ವಪದವೂ ಇದೆ. ಕಾನೂನಿನ ತೊಡಕು ಬರುತ್ತಾ?
– ಚಿತ್ರದುರ್ಗ

ಉತ್ತರ: ಮೊದಲನೆಯದರಲ್ಲಿ ಬರುತ್ತದೆ. ರಾಗಸಂಯೋಜನೆ ಒಬ್ಬರ ಹಕ್ಕು, ಆ ಕರೋಕೆ ಧ್ವನಿಮುದ್ರಣ ಇನ್ನೊಬ್ಬರ ಹಕ್ಕು. ಎರಡಕ್ಕೂ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಪ್ರಕಾರ ಕವರ್ ಹಾಡಲು, ಅಂದರೆ ಇದ್ದ ಹಾಡನ್ನೇ ಹೊಸದಾಗಿ ಹಾಡಿ ಮುದ್ರಿಸಲು, ಅವಕಾಶವಿದೆ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಆ ಕಲಂ ಮೂಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಟ್ಟು ರಾಯಧನ ಕಟ್ಟಬೇಕು ಎನ್ನುತ್ತದೆ. ಸಾಹಿತ್ಯ ಬದಲಿಸಲು ಬಿಡುವುದಿಲ್ಲ. ಅಣಕಕ್ಕೆ ನಮ್ಮ ಕಾಯ್ದೆಯಲ್ಲಿ ಹೆಸರಿಟ್ಟು ಕೊಟ್ಟ ವಿನಾಯಿತಿಯೂ ಇಲ್ಲ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಗುನುಗುತ್ತಿರುವ ಧಾಟಿ ಸಿ. ಅಶ್ವತ್ಥ್ ಅವರದಾಗಿದ್ದರೆ ಕತೆ ಬೇರೆ. ಅವರು ತೀರಿಕೊಂಡದ್ದು 2009ರಲ್ಲಿ, ಹಕ್ಕು ಅಲ್ಲಿಂದ 60 ವರ್ಷ, ಅಂದರೆ 2069ರ ಕೊನೆವರೆಗೂ ಉಳಿಯುತ್ತದೆ. ನಿಮ್ಮದೇ ಧಾಟಿ ಕಟ್ಟಿ. ಕುಕ್ಕರ್ ಇರುವವರಿಗೆ ಅದೇನು ಕಷ್ಟ?

ಪ್ರಶ್ನೆ: ಆನ್‌ಲೈನಿಗೆ ಹಾಕಲು ಏನೇನು ಸಿದ್ಧವಿರಬೇಕು? ದುಡ್ಡು ಬರುತ್ತಾ?
– ನಿಟ್ಟುವಳ್ಳಿ

ಉತ್ತರ: 44.1 ಕಿಲೋಹರ್ಟ್ಸ್‌ನ ವೇವ್ ಫೈಲುಗಳು, 3000ಕ್ಕೆ 3000 ಪಿಕ್ಸೆಲ್‌ನ ಚೌಕ ಮುಖಚಿತ್ರ, ಪ್ರತಿ ಹಾಡಿಗೆ ಆ ಮುದ್ರಣವನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ (ವಿತರಣೆ ಮಾಡುವ ಕಂಪನಿಗಳು ಸಾಮಾನ್ಯವಾಗಿ ಅವರೇ ಕೊಡುತ್ತಾರೆ). ಮುಖ್ಯವಾಗಿ, ಸಾಹಿತ್ಯ, ರಾಗ ಯಾರದು, ಬಂದ ದುಡ್ಡಿನಲ್ಲಿ ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಕುಕ್ಕರಿನ ಮಾಲಕಿಯನ್ನು ಮರೆಯಬೇಡಿ. ದುಡ್ಡಿನ ಮಾತಾದರೆ, ಸ್ಪಾಟಿಫೈ 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಂಡ ಹಾಡಿಗೆ ಮಾತ್ರ ರಾಯಧನ ಲೆಕ್ಕ ಹಾಕುತ್ತದೆ. ಅದೂ ಒಂದೊಂದು ಹಾಡಿಗೆ ಬೇರೆ ಬೇರೆ, ಇಡೀ ಆಲ್ಬಂಗೆ ಸೇರಿಸಿ ಅಲ್ಲ.