ವಾಲಿಬಾಲ್ ನೆಟ್ ನಮ್ಮೂರಿಗೆ ಬಂದ ದಾರಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಬಗ್ಗೆ ಬರೆದಿದ್ದೀರಿ. ಚೆನ್ನಾಗಿತ್ತು. ಆದರೆ ಈ ಆಟ ಹುಟ್ಟಿದ್ದು ವೈಎಂಸಿಎ ಎಂಬ ಕ್ರೈಸ್ತ ಸೇವಾ ಸಂಸ್ಥೆಯಲ್ಲಿ ಅಂತ ಒಂದು ಸಾಲು ಇತ್ತು. ಅದು ನಿಜವೇ? ನಮ್ಮೂರಿಗೆ ಇದನ್ನು ತಂದವರು ಮಿಲಿಟರಿಯವರು ಅಂತ ಕೇಳಿದ್ದೇನೆ. ನಿಜವೇ ಇದ್ದರೂ ಊರಿನ ಆಟದ ನಡುವೆ ಧರ್ಮದ ಮಾತು ಯಾಕೆ ಬೇಕಿತ್ತು?"
- ನಿವೃತ್ತ ಶಿಕ್ಷಕರೊಬ್ಬರು, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆ ಸಾಲು ನಿಜ. ಆದರೆ ಅಷ್ಟು ದೊಡ್ಡ ಸಂಗತಿಯನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದು ನಮ್ಮ ತಪ್ಪು. ಅದಕ್ಕೇ ಈ ಸಲ ಸ್ವಲ್ಪ ಜಾಸ್ತಿ ಜಾಗ ತಗೊಂಡಿದ್ದೇನೆ.

1844ರ ಲಂಡನ್. ಜಾರ್ಜ್ ವಿಲಿಯಮ್ಸ್ ಅನ್ನೋ ಹುಡುಗ ರೈತನ ಮಗ. ಹಳ್ಳಿಯಿಂದ ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಶುರುವಾದರೆ ರಾತ್ರಿವರೆಗೂ ಕೆಲಸ. ಮಲಗುವುದೂ ಅಂಗಡಿಯ ಮೇಲಿನ ಕೋಣೆಯಲ್ಲೇ, ಹತ್ತಾರು ಹುಡುಗರ ಜೊತೆ. ಕೆಲಸ ಮುಗಿದ ಮೇಲೆ ಹೋಗಲು ಇದ್ದದ್ದು ಬೀದಿ, ಇಲ್ಲವೇ ಹೆಂಡದಂಗಡಿ. ಆ ವರ್ಷ ಜೂನ್ 6ರಂದು ಅವನೂ ಅವನಂಥದೇ ಕೆಲವು ಹುಡುಗರೂ ಸೇರಿ ಯುವಕರ ಕ್ರೈಸ್ತ ಸಂಘ ಕಟ್ಟಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ವೈಎಂಸಿಎ. ಶುರುವಿನಲ್ಲಿ ಬೈಬಲ್ ಓದು, ಪ್ರಾರ್ಥನೆ ಅಷ್ಟೇ. ಇದನ್ನು ಮುಚ್ಚಿಡಬೇಕಾಗಿಲ್ಲ. ಆಮೇಲೆ ಓದುವ ಕೋಣೆ, ಸಂಜೆ ತರಗತಿ, ಪರವೂರಿನವರು ತಂಗಲು ಹಾಸ್ಟೆಲ್, ವ್ಯಾಯಾಮದ ಹಾಲ್ ಎಲ್ಲ ಸೇರಿಕೊಂಡವು. ರೆಡ್ ಕ್ರಾಸ್ ಹುಟ್ಟಿಗೆ ಕಾರಣನಾದ ಹೆನ್ರಿ ಡ್ಯುನಾಂಟ್ ಕೂಡ ಮೊದಲು ಜಿನೀವಾದಲ್ಲಿ ಇದೇ ಸಂಘ ಕಟ್ಟಿ ಓಡಾಡಿದವನು.

ಇನ್ನು ಆಟದ ವಿಷಯ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎಯ ಒಂದು ತರಬೇತಿ ಶಾಲೆ ಇತ್ತು. 1891ರ ಚಳಿಗಾಲದಲ್ಲಿ ಹೊರಗೆ ಆಡುವ ಹಾಗಿರಲಿಲ್ಲ, ಒಳಗೆ ಕಸರತ್ತು ಮಾಡಿ ಮಾಡಿ ಹುಡುಗರಿಗೆ ಬೇಸರ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಎರಡು ಪೀಚ್ ಹಣ್ಣಿನ ಬುಟ್ಟಿ ತರಿಸಿ, ಹತ್ತು ಅಡಿ ಎತ್ತರದ ಕಟಾಂಜನಕ್ಕೆ ಮೊಳೆ ಹೊಡೆದು ನಿಲ್ಲಿಸಿದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಮೇಲೆ ಹೋಗಿ ತೆಗೆದುಕೊಡಬೇಕು! ಅದೇ ಬ್ಯಾಸ್ಕೆಟ್‌ಬಾಲ್.

ಆದರೆ ಅದು ಓಡಾಟದ ಆಟ. ದಿನವಿಡೀ ದುಡಿದು ಸಂಜೆ ಹಾಲ್‌ಗೆ ಬರುವ ನಡುವಯಸ್ಸಿನವರಿಗೆ ಏದುಸಿರು ಬರುತ್ತಿತ್ತು. ಹತ್ತಿರದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿದ್ದ ವಿಲಿಯಂ ಮಾರ್ಗನ್ ಅಂಥವರಿಗಾಗಿ 1895ರಲ್ಲಿ ಬೇರೆ ಆಟ ಹೊಂದಿಸಿದರು. ಆರೂವರೆ ಅಡಿ ಎತ್ತರಕ್ಕೆ ಒಂದು ನೆಟ್. ಮೈಗೆ ಮೈ ತಾಗದ ಆಟ. ಅದೇ ನಮ್ಮ ವಾಲಿಬಾಲ್. ಚೆಂಡಿನ ಕಷ್ಟವೂ ಇತ್ತು. ಬ್ಯಾಸ್ಕೆಟ್‌ಬಾಲ್ ಭಾರ, ಅದರೊಳಗಿನ ಬ್ಲಾಡರ್ ಒಂದನ್ನೇ ಹಿಡಿದರೆ ತೀರಾ ಹಗುರ. ಕೊನೆಗೆ ಹೊಸ ಚೆಂಡನ್ನೇ ಮಾಡಿಸಬೇಕಾಯಿತು. ಒಂದು ಕಡೆ ಇಷ್ಟೇ ಜನ ಅನ್ನೋ ಲೆಕ್ಕವೂ ಆಗ ಇರಲಿಲ್ಲ, ಬಂದವರೆಲ್ಲ ನಿಲ್ಲಬಹುದಿತ್ತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ತೋಟದ ಲೈನ್‌ಗಳು, ಅಂದರೆ ಕೆಲಸಗಾರರ ಸಾಲುಮನೆಗಳು. ಸಂಜೆ ಕೆಲಸ ಬಿಟ್ಟು, ಕೈಕಾಲು ತೊಳೆದು, ಸಿಲ್ವರ್ ಮರಕ್ಕೆ ಹಗ್ಗ ಬಿಗಿದು ಶುರು ಮಾಡುತ್ತಾರಲ್ಲ, ಒಂದೊಂದು ಕಡೆ ಒಂಬತ್ತೋ ಹತ್ತೋ ಜನ ನಿಂತು? ಮಾರ್ಗನ್ ಮನಸ್ಸಿನಲ್ಲಿದ್ದ ಆಟ ಹೆಚ್ಚುಕಮ್ಮಿ ಅದೇ.

ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎಯ ದೈಹಿಕ ಶಿಕ್ಷಣ ಶಾಲೆ ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜೊತೆಗಿದ್ದವರೂ ಅವರೇ. ಆ ಶಾಲೆಯಲ್ಲಿ ತಯಾರಾದ ಪಿ.ಟಿ. ಮೇಷ್ಟ್ರುಗಳು ದಕ್ಷಿಣದ ಊರೂರಿಗೆ ಹೋದರು. ನನ್ನ ಪಿ.ಟಿ. ಮೇಷ್ಟ್ರಿಗೆ ಕಲಿಸಿದವರು ಅಲ್ಲಿ ಓದಿದವರು. ಮೇಷ್ಟ್ರು ಶನಿವಾರ ಬೆಳಗ್ಗೆ ಸುಣ್ಣದ ಡಬ್ಬಿಗೆ ತೂತು ಮಾಡಿ, ಬಗ್ಗಿ ಬಗ್ಗಿ ಗೆರೆ ಎಳೆಯುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೆರೆ ಒಣಗುವವರೆಗೂ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ.

ಹಾಗಂತ ನೀವು ಕೇಳಿದ ಮಿಲಿಟರಿ ಮಾತೂ ಸುಳ್ಳಲ್ಲ. ಸೈನ್ಯದಲ್ಲಿ ಈ ಆಟ ಬಹಳ ಆಡುತ್ತಾರೆ. ರಜೆಗೆ ಬಂದವರು, ನಿವೃತ್ತರಾಗಿ ಬಂದವರು ಅದನ್ನು ಊರಿಗೆ ತಂದಿರಬಹುದು. ಆದರೆ ಸೈನಿಕರ ನಡುವೆಯೂ ಇದೇ ಸಂಘ ಇತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ನಮ್ಮ ಸೈನಿಕರಿಗೆ ಶಿಬಿರಗಳಲ್ಲಿ ಟೀ, ಆಟ, ಓದುವ ಜಾಗ ಏರ್ಪಡಿಸಿತ್ತು. ಅಕ್ಷರ ಬಾರದವರ ಪರವಾಗಿ ಮನೆಗೆ ಕಾಗದ ಬರೆದುಕೊಡುತ್ತಿತ್ತು.

ಇನ್ನೊಂದು ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ಈ ಸಂಘಕ್ಕೆ 1916ರಲ್ಲಿ ದೇಶಮಟ್ಟದ ಮುಖ್ಯಸ್ಥರಾದ ಮೊದಲ ಭಾರತೀಯರು ಸೇಲಂನ ಕೆ.ಟಿ. ಪಾಲ್. ಪಟ್ಟಣದ ಹುಡುಗರಿಗೆ ಹಾಲ್ ಕಟ್ಟಿದರೆ ಸಾಲದು, ಹಳ್ಳಿಗೆ ಹೋಗಬೇಕು ಅಂತ ಅವರು ಹಟ ಹಿಡಿದರು. ಆ ದಾರಿಯಲ್ಲೇ 1920ರ ದಶಕದಲ್ಲಿ ತಿರುವಾಂಕೂರಿನ ಮಾರ್ತಾಂಡಂನಲ್ಲಿ ಒಂದು ಕೇಂದ್ರ ಶುರುವಾಯಿತು. ಕೋಳಿ ಸಾಕುವುದು, ಮೊಟ್ಟೆಯನ್ನು ಸಹಕಾರಿಯಾಗಿ ಮಾರುವುದು, ತುಡುವೆ ಜೇನನ್ನು ಮರದ ಪೆಟ್ಟಿಗೆಯಲ್ಲಿ ಸಾಕುವುದನ್ನು ಅಲ್ಲಿ ಕಲಿಸಿದರು. ಪೊಟರೆಗೆ ಹೊಗೆ ಹಾಕಿ, ಮರಿ ಸಮೇತ ರೊಟ್ಟು ಹಿಂಡುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಪೆಟ್ಟಿಗೆಯಲ್ಲಾದರೆ ಚೌಕಟ್ಟು ಎತ್ತಿ ತುಪ್ಪ ತೆಗೆದು, ಹುಳವನ್ನು ಹಾಗೇ ಉಳಿಸಬಹುದು. ಹೂಮಳೆ ಬಿದ್ದು ಕಾಫಿ ಅರಳಿದಾಗ ಹೂವಿಂದ ಹೂವಿಗೆ ಪರಾಗ ಒಯ್ಯುವ ಆ ಹುಳದ ಬೆಲೆ ಏನು ಅಂತ ರೊಬಸ್ಟಾ ಬೆಳೆಯುವ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಧರ್ಮದ ಮಾತು ಯಾಕೆ? ಮೇಷ್ಟ್ರೇ, ಹಾಸನದ ರೆಡ್‌ಫರ್ನ್ ಆಸ್ಪತ್ರೆ ಮಿಷನ್ ಆಸ್ಪತ್ರೆ ಅಂತ ಎಲ್ಲರಿಗೂ ಗೊತ್ತು. ಹಾಗಂದರೆ ಯಾರಿಗೂ ಮುಜುಗರ ಆಗುವುದಿಲ್ಲ. ಆಟದ ವಿಷಯದಲ್ಲೂ ಹಾಗೇ ಇರಬೇಕು ಅಂತ ನನ್ನ ಆಸೆ. ಸಂಘದ ಎಲ್ಲವೂ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಕಪ್ಪು ಜನರಿಗೆ ಬಹಳ ಕಾಲ ಬೇರೆ ಶಾಖೆ ಇಟ್ಟಿದ್ದರು. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಆಂಥೊನಿ ಬೋವೆನ್ 1853ರಲ್ಲೇ ತಮ್ಮವರಿಗಾಗಿ ಪ್ರತ್ಯೇಕ ಶಾಖೆ ತೆರೆಯಬೇಕಾಗಿ ಬಂತು. ಅದನ್ನೂ ಹೇಳಬೇಕು, ಇದನ್ನೂ ಹೇಳಬೇಕು. ಕೊಟ್ಟವರ ಹೆಸರು ಅಳಿಸಿ, ಆಟ ಮಾತ್ರ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮೂರಿಗೆ ಮೊದಲು ಚೆಂಡು ತಂದ ಆ ಮಿಲಿಟರಿಯವರ ಬಗ್ಗೆ ಬರೆದು ಕಳಿಸಿ. ಹಳೆಯ ತಂಡದ ಫೋಟೊ ಯಾರ ಮನೆಯ ಗೋಡೆಯ ಮೇಲಾದರೂ ಇದ್ದರೆ ಅದನ್ನೂ ಕಳಿಸಿ. ಸುಮ್ನೆ ಹೇಳುತ್ತಿಲ್ಲ, ಮುಂದಿನ ಸಂಚಿಕೆಯಲ್ಲಿ ಅದಕ್ಕೊಂದು ಪುಟ ಎತ್ತಿಟ್ಟಿದ್ದೇನೆ.