ಕಾಲುಚೀಲದ ಸಾಲುಗಳನ್ನು ಯಾಕೆ ಬಿಡಲಿಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಲಿಂಕನ್ ಹೆಂಡತಿಗೆ ಬರೆದ ಕಾಗದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮಗುವಿನ ಕಾಲುಚೀಲ, ಅಂಗಿಯ ಗುಂಡಿ, ಹೆಂಡತಿಯ ತಲೆನೋವು. ಇದರಿಂದ ಓದುಗರಿಗೇನು ಲಾಭ? ಅದೇ ವರ್ಷ ಮೆಕ್ಸಿಕೋ ಯುದ್ಧದ ವಿರುದ್ಧ ಮಾಡಿದ ಭಾಷಣ ಹಾಕಬಹುದಿತ್ತು. ಇಂಥ ಮನೆಕಾಗದಗಳನ್ನು ನಾವು ಯುಗಾದಿಗೆ ಮನೆ ಸಾರಿಸುವಾಗ ರದ್ದಿಗೆ ಹಾಕುತ್ತೇವೆ.
– ನಿವೃತ್ತ ಇತಿಹಾಸ ಅಧ್ಯಾಪಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಭಾಷಣ ದೊಡ್ಡದೇ. ಯುದ್ಧದ ಮೊದಲ ರಕ್ತ ಬಿದ್ದ ನೆಲ ನಿಜಕ್ಕೂ ಯಾರದು ಎಂದು ಅಧ್ಯಕ್ಷ ಪೋಕ್‌ನನ್ನು 1848ರ ಜನವರಿಯಲ್ಲಿ ಸಭೆಯಲ್ಲೇ ನಿಂತು ಕೇಳುವುದಕ್ಕೆ ಎದೆ ಬೇಕಿತ್ತು. ಒಪ್ಪಿದೆ. ಆದರೆ ಆ ಭಾಷಣ ಹುಡುಕಿದವರಿಗೆಲ್ಲ ಸಿಗುತ್ತದೆ. ಆ ಮನುಷ್ಯ ಸಿಗುವುದು ಈ ಕಾಗದದಲ್ಲಿ.

ಏಪ್ರಿಲ್ 16ರ ಕಾಗದ ಅದು. ಲಿಂಕನ್‌ಗೆ 39 ವರ್ಷ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಹೊಸಬ. ಜನರಲ್ ಟೇಲರ್‌ಗೆ ಅಧ್ಯಕ್ಷ ಚುನಾವಣೆಗೆ ತನ್ನ ವಿಗ್ ಪಕ್ಷದ ಟಿಕೆಟ್ ಕೊಡಿಸಬೇಕೆಂದು ಅಲ್ಲಿ ಇಲ್ಲಿ ಪತ್ರ ಬರೆದು ಲಾಬಿ ಮಾಡುತ್ತಿದ್ದ ದಿನಗಳು. ಹೆಂಡತಿ ಮೇರಿ ಮಕ್ಕಳನ್ನು ಕರೆದುಕೊಂಡು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನ ತವರಿಗೆ ಹೋಗಿದ್ದಳು. ನೀನು ಇಲ್ಲಿದ್ದಾಗ ಕೆಲಸಕ್ಕೆ ಒಂದಿಷ್ಟು ಅಡ್ಡಿ ಅನ್ನಿಸುತ್ತಿತ್ತು, ಈಗ ಬರೀ ಕೆಲಸವೇ ಆಗಿ ಅದರ ರುಚಿಯೇ ಹೋಗಿದೆ ಎನ್ನುತ್ತಾನೆ. ಕಾಗದಪತ್ರಗಳಿಗೆ ವಿಳಾಸ ಬರೆಯುತ್ತಾ ಕೂರುವುದು ಬೇಸರ, ಈ ಹಳೇ ಕೋಣೆಯಲ್ಲಿ ಒಬ್ಬನೇ ಇರುವುದೂ ಬೇಸರ. ಅವಳು ಹೇಳಿದ ಚೌಕಳಿ ಕಾಲುಚೀಲಕ್ಕಾಗಿ ಹಿಂದಿನ ದಿನ ಅಂಗಡಿ ಅಲೆದಿದ್ದಾನೆ. ಒಂದು ಅಂಗಡಿ ಮುಚ್ಚಿಹೋಗಿದೆ, ಇನ್ನೊಂದರಲ್ಲಿ ಕಿರಿಯ ಮಗ ಎಡ್ಡಿಯ ಪುಟ್ಟ ಪಾದಕ್ಕೆ ಆದೀತು ಅನ್ನಿಸಿದ್ದು ಒಂದೇ ಜೊತೆ, ಅದೂ ಸಾದಾ. ಮಕ್ಕಳು ಅಪ್ಪನನ್ನು ಮರೆಯದಂತೆ ನೋಡಿಕೋ ಎಂದೂ ಕೇಳಿಕೊಳ್ಳುತ್ತಾನೆ. ಎಡ್ಡಿಗೆ ಆಗ ಎರಡು ವರ್ಷ. 1850ರ ಫೆಬ್ರವರಿ 1ರಂದು ಆ ಮಗು ತೀರಿಕೊಂಡಿತು. ಇದನ್ನು ತಿಳಿದ ಮೇಲೆ ಕಾಲುಚೀಲದ ಸಾಲಿಗೆ ಕತ್ತರಿ ಹಾಕಲು ನನ್ನ ಕೈ ಬರಲಿಲ್ಲ.

ಇತಿಹಾಸ ಬೇಕೆನ್ನುವ ನಿಮಗೆ ಮೇರಿ ಮೇ ತಿಂಗಳಲ್ಲಿ ಬರೆದ ಕಾಗದವನ್ನೂ ತೋರಿಸಬೇಕು. ದೊಡ್ಡ ಮಗ ಬಾಬಿ ಎಲ್ಲಿಂದಲೋ ಬೆಕ್ಕಿನ ಮರಿ ತಂದ. ಎಡ್ಡಿ ಅದಕ್ಕೆ ನೀರು ತರಿಸಿದ, ತನ್ನ ಕೈಯಾರೆ ಬ್ರೆಡ್ಡು ತಿನ್ನಿಸಿದ. ಅಷ್ಟರಲ್ಲಿ ಮೇರಿಯ ಮಲತಾಯಿ ಬಂದು, ಆಳಿಗೆ ಹೇಳಿ ಅದನ್ನು ಹೊರಗೆ ಎಸೆಸಿದಳು. ಮಗು ಕಿರುಚಿದ್ದೇ ಕಿರುಚಿದ್ದು, ಆಕೆ ತಿರುಗಿಯೂ ನೋಡಲಿಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ಮನೆ ಅದು. ಲಿಂಕನ್‌ನ ಹೆಂಡತಿ ಹುಟ್ಟಿ ಬೆಳೆದದ್ದು ಎಂಥ ಮನೆತನದಲ್ಲಿ ಎಂಬುದು ಈ ಮರಿಯ ಕಥೆಯಲ್ಲಿ ಕಣ್ಣಿಗೆ ಕಟ್ಟಿದಷ್ಟು ಯಾವ ಭಾಷಣದಲ್ಲೂ ಕಟ್ಟುವುದಿಲ್ಲ.

ನಮ್ಮಲ್ಲಿ ಹಿರಿಯರ ಪತ್ರ ಸಂಪುಟಗಳನ್ನು ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ. 'ಉಭಯ ಕುಶಲೋಪರಿ ಸಾಂಪ್ರತ' ಆದಮೇಲೆ ಮನೆಯ ಮಾತು ಶುರುವಾಯಿತೋ, ಮೂರು ಚುಕ್ಕಿ. ಮಗಳ ಜ್ವರ, ಬಾಡಿಗೆ ಬಾಕಿ, ಉಪ್ಪಿನಕಾಯಿ ಭರಣಿ, ಎಲ್ಲವೂ ಆ ಮೂರು ಚುಕ್ಕಿಯ ಕೆಳಗೆ ಹೂತುಹೋಗಿರುತ್ತವೆ. ಹೆಂಡತಿ ಬರೆದ ಉತ್ತರಗಳಂತೂ ಅಚ್ಚಿನವರೆಗೆ ಬರುವುದೇ ಅಪರೂಪ. ಬೇಡವೆಂದು ತೀರ್ಮಾನಿಸಿದವರು ನಮ್ಮ ನಿಮ್ಮಂಥ ಓದಿದವರೇ.

ನಮ್ಮಪ್ಪ ವರ್ಗಾವಣೆ ಮಾಡಿಸಿಕೊಳ್ಳಲು ಬೆಂಗಳೂರಿಗೆ ಹೋಗಿ, ಲಾಡ್ಜಿನಲ್ಲಿದ್ದುಕೊಂಡು ಸಾಹೇಬರ ಬಾಗಿಲು ಕಾಯುತ್ತಿದ್ದವರು. ದಿನಕ್ಕೊಂದು ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದರು. ಸಾಹೇಬರು ಏನೆಂದರು ಎಂಬುದು ಒಂದು ಸಾಲು. ಉಳಿದದ್ದೆಲ್ಲ ಹಸುವಿಗೆ ಹಿಂಡಿ ತಂದಾಯಿತೇ, ನಿನ್ನ ಸೊಂಟನೋವು ಹೇಗಿದೆ, ಚಿಕ್ಕಪೇಟೆಯಲ್ಲಿ ನೋಡಿದ ಸೀರೆ ಹದಿನೆಂಟು ರೂಪಾಯಿ ಹೆಚ್ಚಾಯಿತು. ಅಂಥ ಹನ್ನೊಂದು ಕಾಗದ ನನ್ನ ಮೇಜಿನ ಖಾನೆಯಲ್ಲಿವೆ. ಅಮ್ಮನ ಉತ್ತರ ಒಂದೂ ಇಲ್ಲ. ಒಂದು ಯುಗಾದಿಗೆ ಅಟ್ಟ ಗುಡಿಸುವಾಗ ಹಳೇ ಪೇಪರಿನ ಜೊತೆ ಕಟ್ಟಿ ಕೊಟ್ಟವನು ನಾನೇ, ಆಗ ಕಾಲೇಜಿನಲ್ಲಿದ್ದೆ.

ನಿಮ್ಮ ಮನೆಯ ಈ ವರ್ಷದ ರದ್ದಿ ಇನ್ನೂ ಹೋಗಿಲ್ಲದಿದ್ದರೆ ದಯವಿಟ್ಟು ಒಂದು ಸಲ ಬಿಚ್ಚಿ ನೋಡಿ, ಮೇಷ್ಟ್ರೇ. ಅಂಚೆ ಖರ್ಚು ನಮ್ಮದು.