ಪರಂಪರೆ, ವನ್ಯಜೀವಿಗಳ ಬಗ್ಗೆ ಬರೆಯುವಾಗ ಯಾವ ಮೂಲವನ್ನು ನಂಬಬಹುದು?

ಭಾರತದ ಪಾರಂಪರಿಕ ತಾಣಗಳು ಮತ್ತು ಕಾಡುಪ್ರಾಣಿಗಳ ಬಗ್ಗೆ ಪುಸ್ತಿಕೆ ಸಿದ್ಧಪಡಿಸುತ್ತಿದ್ದೇನೆ, ಬೆಂಗಳೂರಿನಲ್ಲಿದ್ದೇನೆ, ಗೂಗಲ್ ಮಾಡಿದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಹುಲಿಗಳ ಸಂಖ್ಯೆ ಒಂದು ಕಡೆ 3,167, ಇನ್ನೊಂದು ಕಡೆ 3,682 ಇದೆ ಎಂದೂ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವೆರಡೂ ಸರಿ.

2022ರ ಹುಲಿ ಗಣತಿಯ ಫಲಿತಾಂಶ ಎರಡು ಕಂತಿನಲ್ಲಿ ಬಂತು. 2023ರ ಏಪ್ರಿಲ್‌ನಲ್ಲಿ, ಹುಲಿ ಯೋಜನೆಗೆ 50 ವರ್ಷ ತುಂಬಿದ್ದಕ್ಕೆ ಮೈಸೂರಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಪ್ರಕಟವಾದ 3,167 ಕನಿಷ್ಠ ಸಂಖ್ಯೆ. ಜುಲೈನಲ್ಲಿ ಬಂದ ವಿವರವಾದ ಲೆಕ್ಕದಲ್ಲಿ ಸರಾಸರಿ ಅಂದಾಜು 3,682, ಗರಿಷ್ಠ 3,925. ಕರ್ನಾಟಕದ 563, ಮಧ್ಯಪ್ರದೇಶದ 785 ಎಂಬ ರಾಜ್ಯವಾರು ಅಂಕಿಗಳು ಈ ಎರಡನೇ ಕಂತಿನವು. ಹಾಗಾಗಿ 'ದೇಶದ 3,167 ಹುಲಿಗಳಲ್ಲಿ ಕರ್ನಾಟಕದ್ದು 563' ಅಂತ ಬರೆದರೆ ಬಿಡಿಬಿಡಿಯಾಗಿ ಎರಡೂ ಅಂಕಿ ಸರಿಯಿದ್ದೂ ವಾಕ್ಯ ತಪ್ಪಾಗುತ್ತದೆ. ಇಂಥ ವಾಕ್ಯಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ.

ಆದ್ದರಿಂದ ಯಾವ ವೆಬ್‌ಸೈಟ್ ಒಳ್ಳೆಯದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಇದನ್ನು ಮೊದಲು ಎಣಿಸಿದವರು ಅಥವಾ ಓದಿದವರು ಯಾರು, ಯಾವಾಗ, ಹೇಗೆ, ಎಣಿಸಿದ್ದು ನಿಜಕ್ಕೂ ಏನನ್ನು? ಟಿಪ್ಪಣಿ ಮಾಡಿಕೊಳ್ಳುವಾಗ ಅಂಕಿಯ ಪಕ್ಕದಲ್ಲೇ ಈ ನಾಲ್ಕನ್ನೂ ಬರೆದಿಡಿ, ಜೊತೆಗೆ ಪುಟಸಂಖ್ಯೆ. ಹುಲಿಯ ಮಟ್ಟಿಗೆ ಮೂಲ ಎಂದರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ತರುವ ವರದಿ. ಪತ್ರಿಕಾ ಪ್ರಕಟಣೆ ಅಲ್ಲ, ವರದಿಯೇ ಬೇಕು. ಅದರಲ್ಲಿ ವಿಧಾನದ ಅಧ್ಯಾಯ ಮತ್ತು ಕೋಷ್ಟಕಗಳ ಶೀರ್ಷಿಕೆಗಳನ್ನು ಬಿಡದೆ ಓದಿ. ಒಂದು ಮೀಸಲು ಪ್ರದೇಶದ ಗಡಿಯೊಳಗಿನ ಹುಲಿಗಳೇ ಬೇರೆ, ಗಡಿಯ ಆಚೀಚೆ ಓಡಾಡುತ್ತಾ ಅದನ್ನು ಬಳಸುವ ಹುಲಿಗಳೇ ಬೇರೆ. ಎರಡಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ.

ಆನೆಯದು ಇನ್ನೂ ಸೂಕ್ಷ್ಮ. 2017ರ ಗಣತಿಯಲ್ಲಿ ದೇಶದಲ್ಲಿ 29,964 ಆನೆಗಳು. 2025ರ ಅಕ್ಟೋಬರ್‌ನಲ್ಲಿ ಬಂದ ವರದಿಯಲ್ಲಿ 22,446. ಕೂಡಲೇ 'ಆನೆ ಸಂತತಿ ಕಾಲುಭಾಗ ಕುಸಿತ' ಎಂಬ ಶೀರ್ಷಿಕೆಗಳು ಬಂದವು. ಆದರೆ ಈ ಬಾರಿ ಲದ್ದಿಯಿಂದ ಡಿಎನ್ಎ ತೆಗೆದು ಒಂದೊಂದು ಆನೆಯನ್ನೂ ಗುರುತಿಸಿ ಅಂದಾಜು ಮಾಡಿದ್ದಾರೆ. ವಿಧಾನವೇ ಬದಲಾಗಿರುವುದರಿಂದ ಹಳೆಯ ಅಂಕಿಗೆ ಹೋಲಿಸಬಾರದು, ಇದನ್ನು ಹೊಸ ಆಧಾರವಾಗಿ ಇಟ್ಟುಕೊಳ್ಳಬೇಕು ಎಂದು ವರದಿಯೇ ಹೇಳುತ್ತದೆ. ಅಳತೆಗೋಲು ಬದಲಾದಾಗ ಏರಿಕೆ, ಇಳಿಕೆ ಎಂಬ ಪದಗಳನ್ನು ಬಳಸಲೇಬೇಡಿ.

ಅರಣ್ಯದ ವಿಸ್ತೀರ್ಣದಲ್ಲೂ ಹೀಗೇ ಎಡವುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ 'ಅರಣ್ಯ ಹೊದಿಕೆ' ಎಂದರೆ ಒಂದು ಹೆಕ್ಟೇರ್‌ಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವುದೇ ಜಾಗ, ಅದು ಯಾರದ್ದೇ ಆಗಿರಲಿ. ಕೊಡಗಿನ ನೆರಳಿನ ಕಾಫಿತೋಟವೂ ಅದರೊಳಗೆ ಬರುತ್ತದೆ. ಕಾನೂನಿನ ಪ್ರಕಾರ ಕಾಡು ಎಷ್ಟು ಎಂಬುದು ಬೇಕಿದ್ದರೆ 'ದಾಖಲಿತ ಅರಣ್ಯ ಪ್ರದೇಶ' ಎಂಬ ಬೇರೆ ಕೋಷ್ಟಕ ನೋಡಬೇಕು.

ಪ್ರಾಣಿಯೊಂದಕ್ಕೆ ಎಷ್ಟು ರಕ್ಷಣೆ ಇದೆ ಎಂದು ಬರೆಯುವಾಗ ಎರಡು ಪಟ್ಟಿಗಳನ್ನು ಬೆರೆಸಬೇಡಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಜಗತ್ತಿನ ಮಟ್ಟದಲ್ಲಿ ಅಳಿವಿನ ಅಪಾಯ ಎಷ್ಟು ಎಂದು ಹೇಳುತ್ತದೆ. ಶೆಡ್ಯೂಲ್ ಎಂಬುದು 1972ರ ನಮ್ಮ ವನ್ಯಜೀವಿ ಕಾಯ್ದೆಯ ಪಟ್ಟಿ, ಪ್ರಾಣಿಗೆ ಕಾನೂನಿನಲ್ಲಿ ಎಷ್ಟು ರಕ್ಷಣೆ ಎಂದು ಅದು ಹೇಳುತ್ತದೆ. ನವಿಲನ್ನೇ ನೋಡಿ: ಕೆಂಪು ಪಟ್ಟಿಯಲ್ಲಿ ಅದಕ್ಕೆ ಆತಂಕವೇ ಇಲ್ಲ, ನಮ್ಮ ಕಾಯ್ದೆಯಲ್ಲಿ ಮೊದಲನೇ ಶೆಡ್ಯೂಲ್. ಇನ್ನೊಂದು, 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಆರು ಶೆಡ್ಯೂಲ್‌ಗಳು ನಾಲ್ಕಾಗಿವೆ. 'ಐದನೇ ಶೆಡ್ಯೂಲ್‌ನ ಪ್ರಾಣಿ' ಎಂದು ಬರೆದಿರುವ ಪುಟ ಸಿಕ್ಕರೆ ಅದು ಹಳೆಯದು ಎಂದು ತಿಳಿಯಿರಿ. ಕೆಂಪು ಪಟ್ಟಿಯ ಪುಟದಲ್ಲೂ ಮೌಲ್ಯಮಾಪನ ಆದ ವರ್ಷ ಇರುತ್ತದೆ, ಅದನ್ನು ಬರೆದುಕೊಳ್ಳಿ.

ಯಾವ ಪ್ರಾಣಿ ಎಲ್ಲಿದೆ ಎನ್ನುವುದಕ್ಕೆ ಜನರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ತಾಣಗಳು ಚೆನ್ನಾಗಿ ಒದಗುತ್ತವೆ. ಐನ್ಯಾಚುರಲಿಸ್ಟ್‌ನಲ್ಲಿ 'ರಿಸರ್ಚ್ ಗ್ರೇಡ್' ಅಂದರೆ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದ್ದಾರೆ ಅಂತ ಅಷ್ಟೇ. ಇಬ್ಬರು ಒಪ್ಪಿದರೂ ಆ ಮುದ್ರೆ ಬೀಳುತ್ತದೆ. ಕಪ್ಪೆ, ಜೇಡಗಳ ವಿಷಯದಲ್ಲಿ ಗುರುತಿಸಿದವರು ಯಾರು, ಫೋಟೊದಲ್ಲಿ ಬೇಕಾದ ಅಂಗ ಕಾಣುತ್ತಿದೆಯೇ ಎಂದು ನೀವೇ ನೋಡಬೇಕು. ಅಪಾಯದಲ್ಲಿರುವ ಪ್ರಾಣಿಗಳ ಜಾಗವನ್ನು ಬೇಟೆಗಾರರಿಗೆ ಸಿಗದಂತೆ ಐನ್ಯಾಚುರಲಿಸ್ಟ್‌ನವರೇ ಮಸುಕು ಮಾಡಿರುತ್ತಾರೆ. ನಕ್ಷೆಯ ಚುಕ್ಕೆ ನಿಜವಾದ ಜಾಗದಿಂದ 20 ಕಿ.ಮೀ. ದೂರ ಇದ್ದರೂ ಇರಬಹುದು. ಆ ಚುಕ್ಕೆ ನಂಬಿ 'ಇಂಥ ಕೆರೆಯಲ್ಲಿ ನೀರುನಾಯಿ ಇದೆ' ಎಂದು ಬರೆಯಬೇಡಿ.

ಇನ್ನು ಪರಂಪರೆ. ಕರ್ನಾಟಕದ ಮಟ್ಟಿಗೆ ತಳಪಾಯ ಶಾಸನಗಳು. ಬಿ. ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಗ್ರಹದ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರದು. ಬಳಸುವ ಮುನ್ನ ಮೂರು ವಿಷಯ ತಿಳಿದಿರಲಿ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರಕ್ಕೂ ಪುಟಸಂಖ್ಯೆ ಬೇರೆ ಬೇರೆ, ಆದ್ದರಿಂದ ಪುಟಕ್ಕಿಂತ ತಾಲೂಕು ಮತ್ತು ಶಾಸನದ ಸಂಖ್ಯೆಯನ್ನು ಉಲ್ಲೇಖಿಸಿ. ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ, ಸಂಖ್ಯೆ ಎರಡೂ ಬದಲಾಗಿವೆ, ಯಾವ ಆವೃತ್ತಿ ಎಂಬುದನ್ನೂ ಹೇಳಿ. ಮೂರನೆಯದು ಊರಿನ ಹೆಸರು: ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ರಾಮನಗರ ಹುಡುಕಿದರೆ ಸಿಗುವುದಿಲ್ಲ, ಕ್ಲೋಸ್‌ಪೇಟೆ ಎಂದು ಹುಡುಕಬೇಕು. ಕನಕಪುರಕ್ಕೆ ಕಾನಕಾನಹಳ್ಳಿ.

ಕಾಲನಿರ್ಣಯವನ್ನು ನೀವೇ ಪರೀಕ್ಷಿಸಬಹುದು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಾಸನದಲ್ಲಿ ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರಮಾಸ. 78 ಕೂಡಿಸಿದರೆ ಕ್ರಿ.ಶ. 1117. ಸಂವತ್ಸರ ಹೊಂದುತ್ತದೆಯೇ? 2017ರ ಯುಗಾದಿಗೆ ಬಂದದ್ದೂ ಹೇವಿಳಂಬಿಯೇ, ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ನಡುವಿನ 900 ವರ್ಷ ಎಂದರೆ ಸರಿಯಾಗಿ 60ರ 15 ಸುತ್ತು. ಹೊಂದಿತು. ಮಾಘ, ಫಾಲ್ಗುಣದ ತಿಥಿಯಾದರೆ ಜನವರಿ ದಾಟಿರುವುದರಿಂದ 79 ಕೂಡಿಸಬೇಕು. ಶಾಸನಗಳಲ್ಲಿ ಶಕವರ್ಷ ಒಮ್ಮೊಮ್ಮೆ ಸಂದ (ಮುಗಿದ) ವರ್ಷ, ಒಮ್ಮೊಮ್ಮೆ ನಡೆಯುತ್ತಿರುವ ವರ್ಷ ಆಗಿರುವುದರಿಂದ ಒಂದು ವರ್ಷದ ವ್ಯತ್ಯಾಸ ಬರುವುದುಂಟು. ಅದನ್ನು ಹಿಡಿದುಕೊಡುವುದು ಸಂವತ್ಸರದ ಹೆಸರೇ. ಪ್ರವಾಸೋದ್ಯಮದ ಫಲಕಗಳಲ್ಲಿ ಇಸವಿ ಅನುಮಾನ ಬಂದಾಗಲೆಲ್ಲ ಈ ಲೆಕ್ಕ ಹಾಕಿ ನೋಡಿ.

ಐತಿಹ್ಯವನ್ನೂ ಹೀಗೆ ದಾಖಲೆಯ ಪಕ್ಕ ಇಟ್ಟು ನೋಡಬೇಕು. ವೀರಬಲ್ಲಾಳ ಬೆಂದಕಾಳು ತಿಂದದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತು ಎಂಬ ಕಥೆ 12ನೇ ಶತಮಾನದ ರಾಜನದು. ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಆಗಲೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕಥೆಯನ್ನು ಬಿಡಬೇಕಿಲ್ಲ, 'ಐತಿಹ್ಯದ ಪ್ರಕಾರ' ಎಂದು ಸೇರಿಸಿದರೆ ಸಾಕು.

ಯುನೆಸ್ಕೊ ಹೆಸರಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ಹಾಗೇ ಎತ್ತಿಕೊಳ್ಳಬೇಡಿ. ಕರ್ನಾಟಕದಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವುದು ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮಘಟ್ಟದ ಭಾಗಗಳು (2012), ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ (2023). ಶ್ರೀರಂಗಪಟ್ಟಣ ತಾತ್ಕಾಲಿಕ ಪಟ್ಟಿಗೆ ಸೇರಿದ್ದು, ಅದು ಮಾನ್ಯತೆ ಅಲ್ಲ. ಯುನೆಸ್ಕೊ ವೆಬ್‌ಸೈಟ್‌ನಲ್ಲಿ ಪ್ರತಿ ತಾಣದ ಪುಟದಲ್ಲೂ ದಾಖಲೆಗಳ ವಿಭಾಗ ಇದೆ. ಅಲ್ಲಿರುವ ನಾಮನಿರ್ದೇಶನದ ಕಡತದಲ್ಲಿ ನಕ್ಷೆ, ಇತಿಹಾಸ, ಗ್ರಂಥಸೂಚಿ ಎಲ್ಲ ಒಟ್ಟಿಗೆ ಸಿಗುತ್ತವೆ. ಅದು ನಮ್ಮ ಸರ್ಕಾರ ತನ್ನ ಪರವಾಗಿ ಬರೆದದ್ದಾದ್ದರಿಂದ ಪಕ್ಕದಲ್ಲಿರುವ ತಜ್ಞರ ಮೌಲ್ಯಮಾಪನವನ್ನೂ ಓದಿ. ಕೊರತೆಗಳು ಅದರಲ್ಲಿ ಗೊತ್ತಾಗುತ್ತವೆ. ಇಷ್ಟು ಒಳ್ಳೆಯ ದಾಖಲೆ ಪುಕ್ಕಟೆಯಾಗಿ ಇದ್ದರೂ ತೆರೆದು ನೋಡುವವರು ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬೆಂಗಳೂರಿನಲ್ಲಿದ್ದೀರಿ ಎನ್ನುವುದು ದೊಡ್ಡ ಅನುಕೂಲ. ನೃಪತುಂಗ ರಸ್ತೆಯಲ್ಲಿ 1909ರ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನದ ಸಂಸ್ಥೆ ಇದೆ. ಗ್ರಂಥಾಲಯವಲ್ಲದೆ, ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸವೂ ಅವರದು. ಗಜೆಟಿಯರ್‌ಗಳಿಗೆ (ಜಿಲ್ಲೆ, ಊರುಗಳ ಸರ್ಕಾರಿ ವಿವರಗ್ರಂಥ) ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ. ಗಿಡಮರಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಹರ್ಬೇರಿಯಂ (ಒಣಗಿಸಿದ ಸಸ್ಯಮಾದರಿಗಳ ಸಂಗ್ರಹ), ಅವರ ಕರ್ನಾಟಕ ಸಸ್ಯಕೋಶ ಆನ್‌ಲೈನ್‌ನಲ್ಲೂ ಇದೆ. ಹೋಗುವ ಮುನ್ನ ಫೋನ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ, 'ಹಂಪಿ ಬಗ್ಗೆ ಏನಾದರೂ' ಎನ್ನದೆ ಬೇಕಾದ ಸಂಪುಟ, ವರ್ಷವನ್ನು ಬರೆದುಕೊಂಡು ಹೋಗಿ.

ವಿಕಿಪೀಡಿಯವನ್ನು ದಾರಿ ಕೇಳಲು ಮಾತ್ರ ಬಳಸಿ. ಅಡಿಟಿಪ್ಪಣಿಯ ಕೊಂಡಿ ಒತ್ತಿ ಮೂಲದಲ್ಲಿ ಆ ಮಾತು ನಿಜಕ್ಕೂ ಇದೆಯೇ ನೋಡಿ. ಎಷ್ಟೋ ಸಲ ವಿಕಿಪೀಡಿಯ ಪತ್ರಿಕೆಯೊಂದನ್ನು ತೋರಿಸುತ್ತದೆ, ಆ ಪತ್ರಿಕೆಯ ಲೇಖನ ವಿಕಿಪೀಡಿಯದಿಂದಲೇ ತೆಗೆದದ್ದಾಗಿರುತ್ತದೆ. ಪುಟದ ಇತಿಹಾಸದಲ್ಲಿ ಆ ವಾಕ್ಯ ಸೇರಿದ ದಿನಾಂಕವನ್ನು ಲೇಖನದ ದಿನಾಂಕಕ್ಕೆ ಹೋಲಿಸಿದರೆ ಇದು ಬಯಲಾಗುತ್ತದೆ. ಸರ್ಕಾರಿ ವೆಬ್‌ಸೈಟ್‌ಗಳ ಕೊಂಡಿಗಳು ಆಗಾಗ ಬದಲಾಗುವುದರಿಂದ ಪಿಡಿಎಫ್ ಇಳಿಸಿಕೊಂಡು, ವೆಬ್‌ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲೂ ಒಂದು ಪ್ರತಿ ಉಳಿಸಿ.

ಎಲ್ಲೂ ಸಿಗದ ಅರಣ್ಯ ಇಲಾಖೆಯ ಅಂಕಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 'ಯಾಕೆ' ಎಂದು ಕೇಳಿದರೆ ತಿರಸ್ಕರಿಸಲು ದಾರಿ ಕೊಟ್ಟಂತೆ, ಆದ್ದರಿಂದ ಯಾವ ವಿಭಾಗ, ಯಾವ ವರ್ಷ, ಯಾವ ದಾಖಲೆಯ ಪ್ರತಿ ಎಂದಷ್ಟೇ ಬರೆಯಿರಿ.